ಒಂಬತ್ತೂಕಾಲು ಗಂಟೆಯ ಒದೆತ

ಹೊಟ್ಟೆಯೊಳಗಿನ ಕೂಸು ಒದ್ದರೆ ಬಸುರಿಗೆ ಸಂತೋಷವಾಗಬೇಕು. ನೀಲವ್ವನಿಗೆ ಸಿಟ್ಟು ಬರುತ್ತಿತ್ತು. ಎಲ್ಲ ಒದೆತಕ್ಕೂ ಅಲ್ಲ. ದಿನಾ ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಗಡಿಯಾರ ನೋಡಿಕೊಂಡು ಬಿದ್ದ ಹಾಗೆ ಬೀಳುವ ಆ ಒಂದೇ ಒಂದು ಒದೆತಕ್ಕೆ.

ಆ ಹೊತ್ತಿಗೆ ಆಕೆ ಗುಡ್ಡದ ಮೇಲಿನ ವೈದ್ಯಕೀಯ ಕಾಲೇಜಿನ ಮೆಸ್ಸಿನಲ್ಲಿ, ಪರಾತದ ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು, ಕೈಗೆ ತಾಳುವಷ್ಟು ಆರಲೆಂದು ಕಾಯುತ್ತ ಕೂತಿರುತ್ತಿದ್ದಳು. ಹೊಟ್ಟೆಗೆ ಕಟ್ಟಿದ ಪಟ್ಟಿ ಜೇನ್ನೊಣದ ಹಾಗೆ ಒಮ್ಮೆ ಗುಂಯ್ ಅನ್ನುತ್ತಿತ್ತು. ಅಷ್ಟೇ ಸಾಕು, ಒಳಗಿನ ಕೂಸು ಮೈಯೆಲ್ಲ ಝಾಡಿಸಿಕೊಂಡು ದಡಕ್ಕನೆ ಜಿಗಿಯುತ್ತಿತ್ತು.

"ಬಂತೇನವಾ ಮೇಡಮ್ಮರ ಕರೆ?" ಎಂದು ಹಂಚಿನ ಮುಂದೆ ಕೂತ ಫಕೀರವ್ವ ಕೇಳುತ್ತಿದ್ದಳು. ಮೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ರೊಟ್ಟಿ ಬೇಯಿಸುವ ಹೆಂಗಸು, ಬಾಯಿಗೆ ಬೀಗವಿಲ್ಲ. "ಕೂಸು ಹೆಂಗ ಜಿಗೀತೈತಿ ನೋಡು! ನೀ ಕರದರ ಹಿಂಗ ಜಿಗದೀತೇನು?"

"ಮೊದಲ ಹಂಚ ನೋಡು. ಹೊಗಿ ಆಡಾಕತ್ತೈತಿ."

"ಹೊಗಿ ಹಂಚಿಂದೋ, ನಿಂದೋ?"

ನೀಲವ್ವ ಹಿಟ್ಟು ಇನ್ನೂ ಸುಡುತ್ತಿರುವಾಗಲೇ ಕೈ ಹಾಕಿ ನಾದತೊಡಗುತ್ತಿದ್ದಳು.

ಪಟ್ಟಿ ನೋಡಲು ದೊಡ್ಡದೇನಲ್ಲ. ಗೇಣಗಲದ ಮೆತ್ತನೆಯ ಬಟ್ಟೆ, ಅದರ ಒಳಮೈಗೆ ಸಾಸಿವೆ ಕಾಳಿನಷ್ಟು ಸಣ್ಣ ಇನ್ನೂರು ಗುಂಡಿಗಳು. ಒಂದೊಂದು ಗುಂಡಿಯೂ ಕಿವಿಗೆ ಕೇಳದ ಸದ್ದೊಂದನ್ನು ಒಳಗೆ ಕಳಿಸಿ, ಅದು ಕೂಸಿನ ಮೈಗೆ ಬಡಿದು ಮರಳಿದ್ದನ್ನು ಹಿಡಿಯುತ್ತದೆ. ಬಾವಲಿ ಕತ್ತಲಲ್ಲಿ ದಾರಿ ಕಂಡುಕೊಳ್ಳುವ ಹಾಗೆ. ಹಿಡಿದದ್ದನ್ನೆಲ್ಲ ಕಾಲೇಜಿನ ಕಂಪ್ಯೂಟರು ಕ್ಷಣಕ್ಷಣಕ್ಕೂ ಜೋಡಿಸಿ, ಪಾಠದ ಕೋಣೆಯ ನಡುವೆ ಇಟ್ಟ ದೊಡ್ಡ ಗಾಜಿನ ಗುಡಾಣದಲ್ಲಿ ಬೆಳಕಾಗಿ ಮೂಡಿಸುತ್ತದೆ. ಮೆಸ್ಸಿನಲ್ಲಿ ಕೂತ ನೀಲವ್ವನ ಹೊಟ್ಟೆಯಲ್ಲಿ ಕೂಸು ಬೆರಳು ಮಡಚಿದರೆ, ಎರಡು ಕಟ್ಟಡ ಆಚೆ ಗುಡಾಣದಲ್ಲಿ ಆಳೆತ್ತರದ ಕೂಸು ಅದೇ ಬೆರಳನ್ನು ಅದೇ ಕ್ಷಣಕ್ಕೆ ಮಡಚುತ್ತದೆ. ಅದರ ಸುತ್ತ ಮೊದಲ ವರ್ಷದ ನೂರೈವತ್ತು ಹುಡುಗ ಹುಡುಗಿಯರು ಕೂತು ಪಾಠ ಕೇಳುತ್ತಾರೆ.

ಪಾಠ ಹೇಳುವವರು ಡಾಕ್ಟರ್ ಅಂಬುಜಾ ದೇಸಾಯಿ. ಮನುಷ್ಯ ಹೊಟ್ಟೆಯೊಳಗೆ ಹೇಗೆ ಆಗುತ್ತಾನೆ ಎಂಬುದನ್ನು ಮೂವತ್ತೊಂದು ವರ್ಷ ಹೇಳಿದವರು. ಮೊದಲಿಗೆಲ್ಲ ಅವರಿಗಿದ್ದ ಸಾಧನ ಬಣ್ಣದ ಸೀಮೆಸುಣ್ಣ, ಬಾಟಲಿಗಳಲ್ಲಿ ಔಷಧದ ನೀರಿನಲ್ಲಿಟ್ಟ ಮೂಕ ಪಿಂಡಗಳು, ಮತ್ತು ಸೆರಗು. ರೊಟ್ಟಿಯಂತೆ ಚಪ್ಪಟೆಯಾಗಿದ್ದ ಮೊದಲ ಪದರು ಅಂಚು ಮಡಚಿಕೊಂಡು ಕೊಳವೆಯಾಗುವುದನ್ನು ಸೆರಗನ್ನೇ ಮಡಚಿ ತೋರಿಸುತ್ತಿದ್ದರಂತೆ. ಈಗ ಸೆರಗಿನ ಕೆಲಸವಿರಲಿಲ್ಲ. ಎಂಟನೆಯ ವಾರದಿಂದ ಈವತ್ತಿನ ಮೂವತ್ತೊಂದನೆಯ ವಾರದವರೆಗೆ ನೀಲವ್ವನ ಕೂಸೇ ಅವರ ಪುಸ್ತಕ.

ಹುಡುಗರು ಅದಕ್ಕೊಂದು ಹೆಸರಿಟ್ಟಿದ್ದರು: ಸಣ್ಣ ಗುರುಗಳು. ಹೆಣವನ್ನು ಮೊದಲ ಗುರು ಎಂದು ಕೈಮುಗಿದು ಕೊಯ್ಯುವ ಪದ್ಧತಿ ವೈದ್ಯಕೀಯ ಕಾಲೇಜಿನಲ್ಲಿ ಇದ್ದೇ ಇದೆ. ಹಾಗಾದರೆ ಬದುಕಿರುವ ಗುರುವಿಗೆ ಎದ್ದು ನಿಲ್ಲುವುದು ಬೇಡವೇ? ಗುಡಾಣದಲ್ಲಿ ಬೆಳಕು ಮೂಡಿದೊಡನೆ ನೂರೈವತ್ತು ಮಂದಿಯೂ ಎದ್ದು ನಮಸ್ಕಾರ ಮಾಡಿಯೇ ಕೂರುತ್ತಿದ್ದರು.

ಆ ಕೋಣೆಯೊಳಗೆ ಯಾರು ಬೇಕಾದರೂ ಹೋಗಬಹುದಿತ್ತು. ಗುಡಾಣ ಒರೆಸುವವನು ಹೋಗುತ್ತಿದ್ದ, ಲೈಟು ರಿಪೇರಿಯವನು ಹೋಗುತ್ತಿದ್ದ. ಕಾಲೇಜಿನಲ್ಲಿದ್ದವರಲ್ಲಿ ಹೋಗಬಾರದವಳು ಒಬ್ಬಳೇ, ನೀಲವ್ವ. ಹುಟ್ಟುವ ಮೊದಲು ಗಂಡೋ ಹೆಣ್ಣೋ ಹೆತ್ತವರಿಗೆ ತಿಳಿಯಬಾರದು ಎಂಬ ಕಾಯ್ದೆಯಿತ್ತು. ಆ ಭಾಗವನ್ನು ಮುಚ್ಚಿ ತೋರಿಸೋಣವೆಂದರೆ ಅದೂ ಪಾಠವೇ. ಆರನೆಯ ವಾರದಲ್ಲಿ ಒಂದೇ ಥರ ಇದ್ದದ್ದು ಹನ್ನೆರಡಕ್ಕೆ ಹೇಗೆ ಬೇರೆಯಾಗುತ್ತದೆಂದು ಕಲಿಯದೆ ಡಾಕ್ಟರಾಗುವುದು ಹೇಗೆ? ಹಾಗಾಗಿ ಸರಕಾರ ಪರವಾನಗಿ ಕೊಟ್ಟಾಗ ಕರಾರು ಹಾಕಿತ್ತು: ನೋಡಿದವರೆಲ್ಲ ಬಾಯಿ ಬಿಡುವುದಿಲ್ಲವೆಂದು ಪ್ರಮಾಣ ಮಾಡಬೇಕು, ತಾಯಿ, ತಂದೆ, ನೆಂಟರು ಬಾಗಿಲು ದಾಟಬಾರದು.

ನೀಲವ್ವ ಇದಕ್ಕೆಲ್ಲ ಒಪ್ಪಿಯೇ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದ್ದಳು. ಒಪ್ಪದೆ ಏನು ಮಾಡಿಯಾಳು? ಮೊದಲ ಎರಡು ಕೂಸು ಐದನೆಯ ತಿಂಗಳಿಗೇ ಜಾರಿದ್ದವು. ಪಟ್ಟಿ ಕಟ್ಟಿಕೊಂಡರೆ ರಾತ್ರಿ ಹಗಲು ಕಾಲೇಜಿನ ಡಾಕ್ಟರುಗಳ ಕಣ್ಣು ಕೂಸಿನ ಮೇಲಿರುತ್ತದೆ ಎಂದಿದ್ದರು. ಹಾಗೇ ಆಯಿತು. ನಾಲ್ಕನೆಯ ತಿಂಗಳ ಕೊನೆಗೆ ಗರ್ಭದ ಬಾಯಿ ಸಡಿಲುವುದನ್ನು ಪಟ್ಟಿ ಕಂಡುಹಿಡಿಯಿತು. ಅವತ್ತೇ ಹೊಲಿಗೆ ಹಾಕಿದರು. ಒಂದೂವರೆ ತಿಂಗಳು ಮಂಚ ಬಿಟ್ಟು ಇಳಿಯಗೊಡಲಿಲ್ಲ. ಕೂಸು ಉಳಿಯಿತು. ಕೂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲವೆಂದ ಮೇಲೆ ಆಕೆ ಮತ್ತೆ ರೊಟ್ಟಿಗೆ ಬಂದಿದ್ದಳು.

ಉಪಕಾರ ದೊಡ್ಡದು, ಆಕೆಗೆ ಗೊತ್ತಿತ್ತು. ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದರಷ್ಟು ಕಹಿ ಮತ್ತೊಂದಿಲ್ಲ. ಬೈಯಲೂ ಬರುವುದಿಲ್ಲ, ನುಂಗಲೂ ಬರುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಹುಡುಗರು ಬಂದರೆ ಮೆಸ್ಸಿನ ತುಂಬ ಆಕೆಯ ಕೂಸಿನದೇ ಮಾತು.

"ಗುರುಗಳಿಗೆ ಇವತ್ತ ಬಿಕ್ಕಳಿಕಿ! ಹದಿನೇಳು ಸಲ ಎಣಿಸೇನಿ."

"ಬೆರಳು ಬಾಯಾಗ ಇಟ್ಕೊಂಡಿದ್ರಲ್ಲ, ಎಡಗೈದು. ಎಡಚರ ಇರಬೇಕು."

"ಮೇಡಂ ಕರದಾಗ ಹೆಂಗ ಹಾರಿದ್ರು ನೋಡ್ದಿ? ಮೇಡಂ ಅಂದ್ರ ಎಷ್ಟ ಜೀವ!"

ರೊಟ್ಟಿ ನೀಡುತ್ತ ನೀಲವ್ವ ಕೇಳುತ್ತಿದ್ದಳು. ಎಡಚರಂತೆ. ತನ್ನ ಹೊಟ್ಟೆಯಲ್ಲಿದ್ದದ್ದು ಎಡಚ ಎಂದು, ಸಾರು ಸುರಿದುಕೊಳ್ಳುವ ಹುಡುಗ ತನಗೆ ಹೇಳಬೇಕು.

ಆ ಹುಡುಗರಲ್ಲಿ ನಾಜ್ನೀನ್ ಎಂಬ ಗದಗಿನ ಹುಡುಗಿ ಮಾತ್ರ ಊಟವಾದ ಮೇಲೆ ತಟ್ಟೆ ತೊಳೆದಿಟ್ಟು ಆಕೆಯ ಹತ್ತಿರ ಕೂರುತ್ತಿದ್ದಳು. ಅವಳ ತಾಯಿಯೂ ಮದುವೆ ಮನೆಗಳಲ್ಲಿ ಅಡುಗೆ ಮಾಡುವವಳು. ಆವತ್ತು ನೀಲವ್ವ ಬಹಳ ದಿನದಿಂದ ನಾಲಿಗೆಯ ತುದಿಗೆ ಬಂದದ್ದನ್ನು ಕೇಳಿಯೇಬಿಟ್ಟಳು.

"ನಾಜೂ, ಒಂಬತ್ತೂಕಾಲಕ್ಕ ಮೇಡಮ್ಮರು ಏನಂತ ಕರೀತಾರ?"

"ಅದೇನ್ ಗುಟ್ಟಲ್ಲ ಬಿಡಕ್ಕ. ಕೂಸಿಗೆ ಕಿವಿ ಕೇಳೋದು ತೋರಸಾಕ ಕರೀತಾರ. ಪಟ್ಟಿಯಾಗ ಒಂದು ಸಣ್ಣ ಸ್ಪೀಕರ್ ಐತಿ. ಮೈಕ್ ಹಿಡದು, 'ಬಂಗಾರಾ, ಎದ್ದ್ಯಾ?' ಅಂತಾರ. ಹಿಂಗ ಬಗ್ಗಿ, ಗಾಜಿಗೆ ಹಣಿ ಹಚ್ಚಿ..." ಹೇಳುತ್ತ ಹೇಳುತ್ತ ಆಕೆಯ ಮುಖ ನೋಡಿ ಹುಡುಗಿ ನಿಂತಳು. "ಯಾಕಕ್ಕ?"

"ಏನಿಲ್ಲ. ಹೋಗು, ನಿನ್ನ ಕ್ಲಾಸಿಗೆ ಹೊತ್ತಾತು."

ಬಂಗಾರಾ.

ಆ ಮಾತನ್ನು ನೀಲವ್ವ ಎತ್ತಿಟ್ಟುಕೊಂಡಿದ್ದಳು. ಮೊದಲ ಕೂಸಿನ ಹತ್ತಿರ ಆಕೆ ಮೂರನೆಯ ತಿಂಗಳಿಂದಲೇ ಮಾತಾಡುತ್ತಿದ್ದಳು, ಬಂಗಾರಾ ಎಂದು ಕರೆದಿದ್ದಳು, ಹೋಯಿತು. ಎರಡನೆಯದರ ಹತ್ತಿರವೂ ಮಾತಾಡಿದ್ದಳು, ಹೋಯಿತು. ಈ ಸಲ, ಕೈಯಲ್ಲಿ ಎತ್ತಿಕೊಳ್ಳುವವರೆಗೆ ಒಂದು ಮಾತೂ ಆಡುವುದಿಲ್ಲ ಎಂದು ನಾಲಿಗೆ ಕಚ್ಚಿ ಹಿಡಿದಿದ್ದಳು. ಕರೆದರೆ ಹೊರಟುಹೋಗುವ ಕೂಸುಗಳು ತನ್ನವು ಎಂಬ ಅಂಜಿಕೆ. ಇದು ಹುಚ್ಚು ಎಂದು ಆಕೆಗೂ ಗೊತ್ತಿತ್ತು. ಹೊಲಿಗೆ ಹಾಕಿದ ಡಾಕ್ಟರೇ ಕಾರಣ ತಿಳಿಸಿ ಹೇಳಿದ್ದರು. ಆದರೂ ಕರೆಯುವ ಧೈರ್ಯ ಬರಲಿಲ್ಲ.

ಹೀಗೆ ತಾನು ಬಾಯಿ ಕಟ್ಟಿಕೊಂಡು ಕೂತ ಹೊತ್ತಿನಲ್ಲಿ ಇನ್ನೊಬ್ಬಳು ಬಂದು, ತಾನು ಎತ್ತಿಟ್ಟ ಮಾತನ್ನೇ ಹಿರಿದುಕೊಂಡು, ತನ್ನ ಕೂಸನ್ನು ಕರೆಯುತ್ತಿದ್ದಳು. ಕೂಸು ಓಗೊಡುತ್ತಿತ್ತು.

ಮನೆಯಲ್ಲಿ ಗಂಡ ಶಿವಪುತ್ರ ಬಸ್ಸುಗಳ ಚಾರ್ಜಿಂಗ್ ಡಿಪೋದಿಂದ ಬಂದವನು ಕೈಕಾಲು ತೊಳೆದು ಆಕೆಯ ಪಕ್ಕ ಕೂತ. ಹೊಟ್ಟೆಯ ಮೇಲೆ ಅಂಗೈ ಇಟ್ಟ.

"ಏನಲೇ ಹುಲಿ, ಇವತ್ತ ಏನ್ ಪಾಠಾ ಹೇಳಿದಿ?"

"ಮಾತಾಡಿಸಬ್ಯಾಡ ಅಂತ ಎಷ್ಟ ಸಲ ಹೇಳಬೇಕು ನಿನಗ?"

"ಅಲ್ಲ ನೀಲಾ, ಆ ಮೇಡಮ್ಮರು ದಿನಾ ಮಾತಾಡಸ್ತಾರ. ಏನಾತು? ಚಂದಾಗೇ ಐತಿ. ಅವರು ಮಾತಾಡಸಬಹುದು, ಹಡದಪ್ಪ ಮಾತಾಡಸಬಾರದಾ?"

ಆತ ತಮಾಷೆಗೆಂದು ಆಡಿದ್ದ. ನೀಲವ್ವ ಎದ್ದು ಒಳಗೆ ಹೋದಳು. ತಾಟಿಗೆ ಅನ್ನ ಬಡಿಸುವಾಗ ಸೌಟು ತಾಟಿಗೆ ಬಡಿದ ಸದ್ದಿಗೇ ಆತನಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ತಿಳಿಯಿತು.

"ಹುಟ್ಟಿದ ಕೂಡ್ಲೇ ಯಾರ ದನಿ ಹುಡಕತೈತಿ ಹೇಳು," ಎಂದಳು ಒಳಗಿನಿಂದಲೇ. "ನಾ ಎತಗೊಂಡ್ರ ಅತ್ತು, ಆಕಿ ಎತಗೊಂಡ್ರ ಸುಮ್ನಾದ್ರ?"

"ಎಲ್ಲೀದ ಎಲ್ಲಿಗೆ ಒಯ್ತೀ ಮಾರಾಯ್ತಿ."

"ನಿನಗೇನ್ ಗೊತ್ತು. ಒದೆತ ನನಗ ಬೀಳತೈತಿ."

ಮರುದಿನ ಬೆಳಿಗ್ಗೆ ಆಕೆ ಹಿಟ್ಟಿಗೆ ನೀರು ಹೊಯ್ಯಲು ಫಕೀರವ್ವನಿಗೆ ಹೇಳಿ, ಪಾಠದ ಕಟ್ಟಡದ ಕಡೆ ನಡೆದಳು. ನೋಡಬೇಕೆಂದಲ್ಲ, ಬರಿಯ ಬಾಗಿಲ ಹೊರಗೆ ನಿಲ್ಲಬೇಕೆಂದು. ಬಾಗಿಲಿಗೆ ಮಸುಕು ಗಾಜು. ಗಾಜಿನ ಆಚೆ ಕೇಸರಿ ಬಣ್ಣದ ಬೆಳಕೊಂದು ಮೆಲ್ಲಗೆ ಅಲುಗಾಡುತ್ತಿತ್ತು. ಅದು ತನ್ನ ಕೂಸು. ಆಕೆ ಒಂದು ಹೆಜ್ಜೆ ಮುಂದಿಟ್ಟಳು.

"ನೀಲವ್ವಾರ, ನೀವು ಇಲ್ಲಿ ನಿಂದರಂಗಿಲ್ಲ," ಎಂದು ಜವಾನ ಸ್ಟೂಲಿನಿಂದ ಎದ್ದ. ಅವನ ಮುಖದಲ್ಲೂ ಸಂಕೋಚವೇ ಇತ್ತು. "ಉಳದವರು ಯಾರರ ಆಗಿದ್ರ ಬಿಡ್ತಿದ್ದೆ ನೋಡ್ರಿ. ನಿಮಗಷ್ಟ ಇಲ್ಲ."

ಅಷ್ಟರಲ್ಲಿ ಹೊಟ್ಟೆಯ ಪಟ್ಟಿ ಗುಂಯ್ ಎಂದಿತು. ಕೂಸು ಹಾರಿತು. ಬಾಗಿಲ ಒಳಗಿನಿಂದ, ಅದೇ ಕ್ಷಣ, ನೂರೈವತ್ತು ಮಂದಿ ನಕ್ಕ ಸದ್ದು. ಆ ನಗೆಯ ನಡುವೆ ಅಂಬುಜಾ ಮೇಡಮ್ಮರ ದನಿ, ಸಕ್ಕರೆ ಪಾಕದ ಹಾಗೆ: "ಎದ್ದ್ಯಾ ನನ್ನ ಬಂಗಾರಾ?"

'ನನ್ನ' ಎಂಬುದೊಂದನ್ನು ನಾಜ್ನೀನ್ ಹೇಳಿರಲಿಲ್ಲ.

ನೀಲವ್ವ ಮೆಸ್ಸಿಗೆ ಮರಳಿದಳು. ಆವತ್ತು ಆಕೆ ಬಡಿದ ರೊಟ್ಟಿಗಳೆಲ್ಲ ಅಂಚಿನಲ್ಲಿ ಸೀಳಿದವು.

ಅದರ ಮರುದಿನ ಒಂಬತ್ತೂಕಾಲಕ್ಕೆ ತುಸು ಮೊದಲು ಆಕೆ ಮಾಡಿದ ಕೆಲಸವನ್ನು ಜೋಳದ ರೊಟ್ಟಿ ಬಡಿಯುವ ಹೆಂಗಸಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ.

ಪಟ್ಟಿಯ ಒಂದು ಗುಣ ಆಕೆಗೆ ಚೆನ್ನಾಗಿ ಗೊತ್ತಿತ್ತು. ಮೈಬಿಸಿ ತಪ್ಪಿದರೆ ಅದು ಕೂಗಿಕೊಳ್ಳುತ್ತದೆ. ಸ್ನಾನಕ್ಕೆ ಬಿಚ್ಚುವಾಗ ಮುಂಚೆಯೇ ಒಂದು ಗುಂಡಿ ಒತ್ತಿ ತಿಳಿಸಬೇಕು. ಹಾಗಾದರೆ ಮೈಬಿಸಿ ತಪ್ಪದಂತೆ ಬಿಚ್ಚಿದರೆ? ಮುಂದೆ ಪರಾತದಲ್ಲಿ, ಆವತ್ತು ಬೇಗ ಬಂದು ಕುದಿನೀರಿನಲ್ಲಿ ನಾದಿದ ಹಿಟ್ಟು, ಕೂಸಿನಷ್ಟೇ ದೊಡ್ಡ ಮುದ್ದೆ, ಹದವಾಗಿ ಆರಿ ಬೆಚ್ಚಗೆ ಕೂತಿತ್ತು. ಫಕೀರವ್ವ ಕಟ್ಟಿಗೆ ತರಲು ಹಿತ್ತಲಿಗೆ ಹೋಗಿದ್ದಳು. ನೀಲವ್ವ ಗೋಡೆಗೆ ಮುಖ ಮಾಡಿ ಪಟ್ಟಿ ಬಿಚ್ಚಿದಳು. ಅದೇ ಉಸಿರಿನಲ್ಲಿ ಅದನ್ನು ಹಿಟ್ಟಿನ ಮುದ್ದೆಗೆ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

ಪಟ್ಟಿ ಕೂಗಲಿಲ್ಲ.

ಗುಡಾಣ ಖಾಲಿ ಕಾಣುತ್ತದೆ, ಅಷ್ಟೇ ತಾನೆ, ಎಂದುಕೊಂಡಿದ್ದಳು ಆಕೆ. ಕಿಟಕಿ ಮುಚ್ಚಿದ ಹಾಗೆ. ಒಂದು ದಿನ ಒಂದು ತಾಸು ತನ್ನ ಕೂಸು ತನಗೆ ಮಾತ್ರ ಇರಲಿ. ಕರೆಯುವವರು ಬರಿ ಗಾಜನ್ನು ಕರೆದುಕೊಳ್ಳಲಿ. ಹಿಟ್ಟಿನಿಂದ ಒಂದು ಹಿಡಿ ಹರಿದುಕೊಂಡು, ಹಲಗೆಯ ಮೇಲಿಟ್ಟು, ಬಡಿಯಲು ಕೂತಳು. ಒಂಬತ್ತೂಕಾಲಾಯಿತು. ಬಟ್ಟೆಯಡಿಯಲ್ಲಿ ಪಟ್ಟಿ ಹಿಟ್ಟಿಗೆ ಗುಂಯ್ ಎಂದಿತು. ಹೊಟ್ಟೆಯಲ್ಲಿ ಕೂಸು ಅಲುಗಲಿಲ್ಲ. ನೀಲವ್ವನ ಮುಖದಲ್ಲಿ ಆರು ವಾರಗಳ ಮೇಲೆ ನಗೆ ಮೂಡಿತು.

ಆ ನಗೆ ಐದು ನಿಮಿಷವೂ ಉಳಿಯಲಿಲ್ಲ. ಹೊರಗೆ ಓಡಿಬರುವ ಕಾಲುಗಳ ಸದ್ದು. ಬಾಗಿಲಲ್ಲಿ ಡಾಕ್ಟರ್ ಅಂಬುಜಾ ದೇಸಾಯಿ. ಮೆಸ್ಸಿನ ಹೊಸ್ತಿಲನ್ನು ಒಂದು ದಿನವೂ ದಾಟದವರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು. ಹಿಂದೆ ನಾಜ್ನೀನ್, ಅವಳ ಹಿಂದೆ ಇನ್ನೂ ನಾಲ್ಕಾರು ಹುಡುಗರು, ಎಲ್ಲರ ಮುಖವೂ ಸುಣ್ಣ.

"ನೀಲವ್ವ! ಮಲಕೋ! ಮೊದಲ ಮಲಕೋ! ನೋವೇನರ ಅದ ಏನು? ರಕ್ತ ಹೋಗೇದೇನು?"

ನೀಲವ್ವನಿಗೆ ತಿಳಿಯಲಿಲ್ಲ. "ಇಲ್ರಿ ಮೇಡಮ್ಮರ. ರೊಟ್ಟಿ..."

ಕಂಪ್ಯೂಟರಿಗೆ ಖಾಲಿ ಎಂಬುದು ಗೊತ್ತಿರಲಿಲ್ಲ. ಇಪ್ಪತ್ತಮೂರು ವಾರ ಕೂಸನ್ನೇ ಜೋಡಿಸಿದ ಯಂತ್ರ, ಹಿಟ್ಟಿನೊಳಗಿನ ಗಾಳಿಗುಳ್ಳೆಗಳಿಂದಲೂ ಕೂಸನ್ನೇ ಜೋಡಿಸಿತ್ತು. ಮುದುಡಿಕೊಂಡ, ಮಸುಕಾದ, ಅಲುಗದ ಕೂಸು. ಎದೆಬಡಿತವಿಲ್ಲ. ಮೇಡಂ ಕರೆದರೆ ಹಾರಲಿಲ್ಲ. ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆಯುವಾಗ ಅವರ ದನಿ ಒಡೆಯಿತು. ನೂರೈವತ್ತು ಮಂದಿಗೂ ತಮ್ಮ ಸಣ್ಣ ಗುರುಗಳು ತೀರಿಕೊಂಡದ್ದು ಕಣ್ಣೆದುರಿಗೆ ಕಾಣಿಸುತ್ತಿತ್ತು.

ನಾಜ್ನೀನಳ ಕಣ್ಣು ಮೊದಲು ಪರಾತದ ಮೇಲೆ ಬಿತ್ತು. ಒದ್ದೆ ಬಟ್ಟೆಯ ಅಂಚಿನಿಂದ ಪಟ್ಟಿಯ ತುದಿ ಇಣುಕುತ್ತಿತ್ತು. ಅವಳು ಬಟ್ಟೆ ಸರಿಸಿದಳು.

ಅಂಬುಜಾ ಮೇಡಂ ಆ ಹಿಟ್ಟನ್ನು ನೋಡಿದರು, ನೀಲವ್ವನ ಹೊಟ್ಟೆಯನ್ನು ನೋಡಿದರು. ಪಟ್ಟಿಯನ್ನು ಬಿಡಿಸಿ, ಹಿಟ್ಟು ಮೆತ್ತಿದ್ದನ್ನು ತಮ್ಮ ಸೆರಗಿನಿಂದಲೇ ಒರೆಸಿ, ತಾವೇ ಆಕೆಗೆ ಕಟ್ಟಿದರು. ಕೈಯಲ್ಲಿದ್ದ, ಎದೆಬಡಿತ ಕೇಳಿಸುವ ಸಣ್ಣ ಯಂತ್ರವನ್ನು ಪಟ್ಟಿಯ ಮೇಲೆ ಹಿಡಿದರು. ಟಕಟಕ ಟಕಟಕ ಎಂದು ಓಡುವ ಕುದುರೆಯಂಥ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವರು ಅಲ್ಲೇ ಇದ್ದ ಜೋಳದ ಚೀಲದ ಮೇಲೆ ಕುಸಿದು ಕೂತರು.

"ಹುಡುಗರನ್ನ ಕರಕೊಂಡು ಹೋಗು ನಾಜ್ನೀನ್. ಕೂಸು ಆರಾಮದ ಅಂತ ಎಲ್ಲಾರ್ಗೂ ಹೇಳು."

ಹುಡುಗರು ಹೋದರು. ಕಟ್ಟಿಗೆ ಹೊತ್ತು ಬಂದ ಫಕೀರವ್ವ ಬಾಗಿಲಲ್ಲೇ ಬೆಪ್ಪಾಗಿ ನಿಂತಳು.

"ಆ ಪಟ್ಟಿ ಇರಲಿಲ್ಲಂದ್ರ ಈ ಕೂಸೂ ಇರ್ತಿದ್ದಿಲ್ಲ. ಗೊತ್ತದ ಏನು ನಿನಗ?" ಎಂದರು ಮೇಡಂ. ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು.

"ಗೊತ್ತೈತ್ರಿ. ಗೊತ್ತಿದ್ದದ್ದಕ್ಕ ಆರು ವಾರ ಬಾಯಿ ಮುಚಗೊಂಡು ಕುಂತೇನ್ರಿ." ನೀಲವ್ವ ಹಲಗೆಯನ್ನು ಪಕ್ಕಕ್ಕೆ ಸರಿಸಿದಳು. "ನೀವು ನೋಡ್ತೀರಿ. ನಿಮ್ಮ ಹುಡುಗರು ನೋಡ್ತಾರ. ಗುಡಾಣಾ ಒರಸಾಂವ ನೋಡ್ತಾನ. ನಾ ಹೊತಗೊಂಡು ತಿರಗತೇನಿ, ನನಗಿಲ್ಲ. ಹೋಗ್ಲಿ, ಕಾಯ್ದೆ ಅಂತೀರಿ, ಇರಲಿ. ಕರೀಬೇಕಂತ ಯಾವ ಕಾಯ್ದೆದಾಗ ಐತ್ರಿ? ಬಂಗಾರಾ ಅಂತ, ನನ್ನ ಬಂಗಾರಾ ಅಂತ! ನೀವು ಕರದ್ರ ಜಿಗೀತೈತಿ. ನಾ ಅಂಜಿಕಿಗೆ ಒಂದ ಮಾತು ಆಡಿಲ್ರಿ ಅದರ ಕೂಡ, ಒಂದ ಮಾತು. ಹುಟ್ಟಿದ ಮ್ಯಾಲ ಅದಕ್ಕ ನಾ ಯಾರ್ರಿ?"

ಮೇಡಂ ಸೆರಗಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

"ನನ್ನ ಇಬ್ಬರು ಹೆಣ್ಣುಮಕ್ಕಳು ಹೊಟ್ಟ್ಯಾಗಿದ್ದಾಗ ನಾ ಇದs ಪಾಠಾ ಹೇಳ್ತಿದ್ದೆ," ಎಂದರು ಕೊನೆಗೆ. "ಬೋರ್ಡಿನ ಮ್ಯಾಲೆ ಕಿವಿ ತಗೀತಿದ್ದೆ, ಇಂಥಾ ವಾರಕ್ಕ ಕೇಳಸ್ತದ ಅಂತ ಹೇಳ್ತಿದ್ದೆ. ನನ್ನ ಹೊಟ್ಟ್ಯಾಗಿದ್ದವರನ್ನ ಒಂದು ಸಲಾನೂ ಕರೀಲಿಲ್ಲ. ಪುರಸೊತ್ತಿದ್ದಿಲ್ಲ. ಈ ಗುಡಾಣದಾಗ ಅದು ಕಣ್ಣು ಪಿಳುಕಿಸಿದ್ದು ನೋಡಿ ತಡಕೊಳ್ಳಲಿಕ್ಕಾಗಲಿಲ್ಲ ನೀಲವ್ವ. ಪಾಠಕ್ಕ ಒಂದು ಸಲ ಕರದು ತೋರಿಸಿದ್ರ ಸಾಕಾಗಿತ್ತು. ದಿನಾ ಕರದೆ."

ಅವರು ಎದ್ದರು. "ಏಳು, ಬಾ. ನಿನಗ ಒಂದು ತೋರಸೋದದ. ಆರು ವಾರದಿಂದ ಬಚ್ಚಿಟ್ಟೇನಿ. ನಿನ್ನ ಹಲಗಿ ತಗೊಂಡು ಬಾ. ಒಂದು ಹಿಡಿ ಹಿಟ್ಟೂ ತಗೋ."

ಅವರ ಖಾಸಗಿ ಕೋಣೆಯಲ್ಲಿ ಗುಡಾಣವಿರಲಿಲ್ಲ. ಒಂದು ಮೇಜು, ಗೋಡೆಗೆ ಬಣ್ಣಬಣ್ಣದ ಹಳೆಯ ಚಿತ್ರಗಳು, ಮತ್ತು ಕಾಗದದ ಉದ್ದನೆಯ ಸುರುಳಿಯ ಮೇಲೆ ಗೆರೆ ಎಳೆಯುವ ಒಂದು ಯಂತ್ರ. ಗೆರೆ ಕೂಸಿನ ಎದೆಬಡಿತ. ಅದರಲ್ಲಿ ಗಂಡು ಹೆಣ್ಣು ಕಾಣುವುದಿಲ್ಲ, ಆದ್ದರಿಂದ ಕಾಯ್ದೆಯ ಅಡ್ಡಿಯಿಲ್ಲ. ಮೇಡಂ ಹಳೆಯ ಸುರುಳಿಗಳನ್ನು ಮೇಜಿನ ಮೇಲೆ ಬಿಚ್ಚಿ ಹಾಸಿದರು.

"ಇಲ್ಲಿ ನೋಡು. ಸುಮ್ನ ಇದ್ದಾಗ ನಿಮಿಷಕ್ಕ ನೂರಾ ಐವತ್ತರ ಆಸುಪಾಸು. ಒಂಬತ್ತೂಕಾಲಕ್ಕ ನಾ ಕರೀತೇನಿ, ನೋಡು, ನೂರಾ ಎಪ್ಪತ್ತಕ್ಕ ಏರ್ತದ. ಕೈಕಾಲು ಝಾಡಸ್ತದ. ಹುಡುಗರು ನಗತಾರ, ಮೇಡಂ ಅಂದ್ರ ಜೀವ ಅಂತಾರ. ನಾನೂ ಮೊದಲ ಹಂಗ ತಿಳಕೊಂಡು ಹಿಗ್ಗಿದ್ದೆ. ಮುಂದ, ಹತ್ತು ಗಂಟೆಗೆ ನೋಡು."

ಹತ್ತು ಗಂಟೆಯ ಗುರುತಿನ ಹತ್ತಿರ ಗೆರೆ ಇಳಿಜಾರಿನಲ್ಲಿ ಇಳಿದ ಹಾಗೆ ಮೆಲ್ಲಗೆ ಇಳಿದಿತ್ತು. ನೂರಾ ಮೂವತ್ತೆಂಟು. ಇನ್ನೊಂದು ದಿನದ ಸುರುಳಿಯಲ್ಲೂ ಹತ್ತಕ್ಕೆ ಇಳಿಜಾರು. ಮತ್ತೊಂದರಲ್ಲೂ.

"ಹತ್ತಕ್ಕ ಏನೈತ್ರಿ?" ಎಂದಳು ನೀಲವ್ವ.

"ನಾನೂ ಅದನ್ನೇ ಹುಡಕಿದೆ. ಹತ್ತಕ್ಕ ನೀ ರೊಟ್ಟಿ ಬಡೀಲಿಕ್ಕೆ ಚಾಲೂ ಮಾಡ್ತಿ." ಅವರು ಮೈಕು ಕೈಗೆತ್ತಿಕೊಂಡರು. "ನೀನs ನೋಡು. ಬಂಗಾರಾ, ಎದ್ದ್ಯಾ?"

ಪಟ್ಟಿ ಗುಂಯ್ ಎಂದಿತು. ಕೂಸು ದಡಕ್ಕನೆ ಹಾರಿತು. ಕಾಗದದ ಮೇಲೆ ಗೆರೆ ಗಕ್ಕನೆ ಮೇಲೆದ್ದಿತು.

"ಈಗ ನೀ ಬಡಿ."

ನೀಲವ್ವ ಹಲಗೆಯನ್ನು ಮೇಜಿನ ಮೇಲಿಟ್ಟು ಹಿಟ್ಟನ್ನು ತಟ್ಟತೊಡಗಿದಳು. ತಪ್ ತಪ್ ತಪ್, ಅಂಗೈ ತಿರುವಿ, ಮತ್ತೆ ತಪ್ ತಪ್ ತಪ್. ನಾಲ್ಕು ಸುತ್ತು ಆಗುವಷ್ಟರಲ್ಲಿ ಗೆರೆ ಇಳಿಯತೊಡಗಿತು. ಒಳಗೆ ಕೂಸು ಅಲುಗಲಿಲ್ಲ. ನಿದ್ದೆಯಲ್ಲಿದ್ದ ಹಾಗಲ್ಲ; ಮಾತಾಡುತ್ತಿದ್ದವರು ಬೇಕಾದವರ ಕಾಲಸಪ್ಪಳ ಕೇಳಿ ತಟ್ಟನೆ ಸುಮ್ಮನಾಗುತ್ತಾರಲ್ಲ, ಹಾಗೆ.

"ಗುರುತಿಲ್ಲದ ಸದ್ದಿಗೆ ಕೂಸು ಬೆಚ್ಚತದ, ಒದೀತದ. ಗುರುತಿದ್ದದ್ದಕ್ಕ ಸುಮ್ನಾಗಿ ಕಿವಿ ಕೊಡ್ತದ," ಎಂದರು ಮೇಡಂ. "ಇದು ನಾನs ಹುಡುಗರಿಗೆ ಕಲಿಸೋ ಪಾಠ. ನೀ ಅದರ ಕೂಡ ಮಾತಾಡಿಲ್ಲ ಅಂತಿ. ಫಕೀರವ್ವನ್ನ ಬೈತಿ, ಹಿಟ್ಟು ತಾ ಅಂತಿ, ಗಂಡನ ಮ್ಯಾಲೆ ಹರಿಹಾಯ್ತಿ. ಎಲ್ಲಾ ಕೇಳೇದ ಅದು. ನಿನ್ನ ಎಲುಬಿನ ಗುಂಟ ಹೋಗೋ ದನಿ. ನಾನು ಆರು ವಾರಾತು, ದಿನಾ ಕರೀತೇನಿ. ಇವತ್ತಿಗೂ ಬೆಚ್ಚತದ. ಯಂತ್ರದಾಗಿಂದ ಹೋದ ನನ್ನ ದನಿ ಗರಗಸ ಎಳದಂಗ ಕೇಳಸ್ತದೋ ಏನೋ. ನನಗ ಒಂದು ದಿನಾನೂ ಅದು ಹಿಂಗ ನಿಂತು ಕೇಳಿಲ್ಲ."

ಅವರು ಕಾಗದದ ಇಳಿಜಾರಿನ ಮೇಲೆ ಬೆರಳಾಡಿಸುತ್ತಿದ್ದರು. ಆ ಬೆರಳು ನೀಲವ್ವನಿಗೆ ಗುರುತಿನದು ಎನ್ನಿಸಿತು. ಬೇರೆಯವರ ಕೂಸನ್ನು ಮುಟ್ಟಲು ಆಸೆಯಾಗಿ, ಮುಟ್ಟಲಾರದೆ, ಅದರ ತೊಟ್ಟಿಲನ್ನು ಮುಟ್ಟುವ ಬೆರಳು. ಮದುವೆಯಾಗಿ ಆರು ವರ್ಷ ತಾನೂ ಹಾಗೇ ಎಷ್ಟೋ ತೊಟ್ಟಿಲು ಮುಟ್ಟಿದ್ದಳು.

"ಮತ್ತ ಇದನ್ನ ನನಗ ಯಾಕ ಹೇಳಲಿಲ್ರಿ?"

"ಹೊಟ್ಟಿಕಿಚ್ಚಿಗೆ," ಎಂದರು ಮೇಡಂ, ಔಷಧದ ಹೆಸರು ಹೇಳಿದಷ್ಟು ಸರಳವಾಗಿ. "ಪಾಠಾ ಹತ್ತೂಕಾಲಕ್ಕ ಮುಗೀಬೇಕು. ಈಗೀಗ ನಾ ಹತ್ತಕ್ಕs ಮುಗಸಿಬಿಡ್ತೇನಿ. ಹುಡುಗರು ಅದನ್ನ ನೋಡಬಾರದಂತ."

ನೀಲವ್ವನಿಗೆ ಗೆದ್ದ ಹಾಗೆ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಸುಳ್ಳು ಯಾಕೆ ಹೇಳಬೇಕು. ಆದರೆ ಅದರ ಬೆನ್ನಿಗೇ, ಬರಿಗಾಲಲ್ಲಿ ಕಲ್ಲುದಾರಿಯಲ್ಲಿ ಓಡಿಬಂದ ಆ ಕಾಲುಗಳ ಮೇಲೆ ಕಣ್ಣು ಬಿತ್ತು. ಒಂದು ಹೆಬ್ಬೆರಳಿನಿಂದ ರಕ್ತ ಬಂದು ಒಣಗಿತ್ತು.

"ಕಾಲಿಗೆ ಅರಿಷಿಣ ಹಚಗೋರಿ," ಎಂದು ಹೇಳಿ, ಹಲಗೆ ಎತ್ತಿಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತಳು. "ನಾಳಿಂದ ಹತ್ತೂಕಾಲ್ತನಾ ಪಾಠಾ ಹೇಳ್ರಿ. ಹುಡುಗರು ಕಲೀಲಿ."

ಮೆಸ್ಸಿನಲ್ಲಿ ಫಕೀರವ್ವ ಆಕೆಯ ಜಾಗದಲ್ಲಿ ಕೂತು ಹಿಟ್ಟಿಗೆ ಕೈ ಹಾಕಿದ್ದಳು. "ನೀ ಇನ್ನ ಮಲಕೋಬೇಕವಾ. ದಿನಾ ಹತ್ರ ಬಂದಾವು. ನಾಳಿಂದ ರೊಟ್ಟಿ ನಾ ಬಡಿತೇನಿ."

"ಏಳು ಅಲ್ಲಿಂದ."

"ಅಯ್ಯ, ನಿನ್ನ ಒಳ್ಳೇದಕ್ಕ ಅಂದ್ರ..."

"ಹಂಚಿನ ಕೆಲಸ ಏನೈತಿ ಮಾಡು. ನನ್ನ ಹಲಗಿ ಮುಟ್ಟಬ್ಯಾಡ. ಹಡಿಯೂ ದಿನದ ಮಟ ನಾನs ಬಡಿಯಾಕಿ. ಬೇರೆಯವರ ಸಪ್ಪಳ ಇಲ್ಲಿ ಬ್ಯಾಡ."

"ಹುಚ್ಚ ಹಿಡದೈತಿ ನಿನಗ," ಎಂದು ಫಕೀರವ್ವ ಸೊಂಟ ಹಿಡಿದುಕೊಂಡು ಎದ್ದಳು.

ಮರುದಿನ ಒಂಬತ್ತು ಗಂಟೆಗೆ ನೀಲವ್ವ ಹಿಟ್ಟಿಗೆ ಕುದಿನೀರು ಹೊಯ್ದು ಕಾಯುತ್ತ ಕೂತಳು. ಕಾಲುಗಂಟೆ ಕಳೆಯಿತು. ಪಟ್ಟಿ ಗುಂಯ್ ಎನ್ನಲಿಲ್ಲ. ಹಿಟ್ಟು ನಾದುತ್ತ ಮತ್ತೆರಡು ನಿಮಿಷ ಕಾದಳು. ಮೇಡಂ ಇನ್ನು ಕರೆಯುವುದಿಲ್ಲ ಎಂದು ಗಟ್ಟಿ ಮಾಡಿರಬೇಕು. ಆರು ವಾರ ಈ ಒಂದು ಮೌನಕ್ಕಾಗಿ ಆಕೆ ಹಲ್ಲು ಕಚ್ಚಿದ್ದಳು. ಈಗ ಅದು ಸಿಕ್ಕಿತ್ತು, ಮತ್ತು ಮೆಸ್ಸು ಯಾಕೋ ಬಿಕೋ ಎನ್ನುತ್ತಿತ್ತು.

ಅಷ್ಟರಲ್ಲಿ ಪಟ್ಟಿ ಗುಂಯ್ ಎಂದಿತು. ಬಹಳ ಮೆಲ್ಲಗೆ, ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಎಂದು ಕೇಳಿದ ಹಾಗೆ. ಕೂಸು ಬೆಚ್ಚಿ ಹಾರಿತು.

ನೀಲವ್ವ ಹಿಟ್ಟಿನ ಕೈಯನ್ನೇ ಹೊಟ್ಟೆಯ ಮೇಲಿಟ್ಟಳು. ಹೋದ ಎರಡು ಕೂಸುಗಳು ಗಂಟಲಲ್ಲಿ ಅಡ್ಡ ನಿಂತಿದ್ದವು. ಅವನ್ನು ದಾಟಿ ಮಾತು ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂಜಬ್ಯಾಡ ಬಂಗಾರಾ," ಎಂದಳು. "ಅವರು ನಮ್ಮ ಮೇಡಮ್ಮರು. ನಮ್ಮವರs."

ಒಳಗೆ ಕೈಕಾಲು ನಿಂತವು. ಕೂಸು ಕಿವಿಗೊಟ್ಟಿತು.

"ಯಾರ ಕೂಡ ಮಾತಾಡಾಕತ್ತೀಯ?" ಎಂದು ಫಕೀರವ್ವ ಹಂಚಿನ ಹೊಗೆಯಾಚೆಯಿಂದ ಕೇಳಿದಳು.

"ನಿನ್ನ ಕೂಡಂತೂ ಅಲ್ಲ," ಎಂದು ನೀಲವ್ವ ಹಿಟ್ಟು ಹರಿದು ಹಲಗೆಯ ಮೇಲಿಟ್ಟಳು.